ಆರನೆಯ ಖಾನೆ

ಕಂಪ್ಯೂಟರ್ ಜೊತೆ ಮಾತಾಡಿಕೊಂಡೇ ಕೆಲಸ ಮಾಡೋದು ಎಷ್ಟು ಸುಖ ಅಲ್ವಾ ಎಂದು ಯಾರಾದರೂ ಕೇಳಿದರೆ ನೋರೀನ್ ಹ್ಯಾಡ್ರಿಕ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಟಾಸ್ಮೇನಿಯಾದ ಉತ್ತರ ದಂಡೆಯ ಒಂದು ಪುರಸಭೆಯಲ್ಲಿ ಇಪ್ಪತ್ತೇಳು ವರ್ಷ ನಾಯಿಗಳ ದೂರು ಟೈಪ್ ಮಾಡಿ ಅವಳ ಎರಡೂ ಕೈಗಳ ನರ ಸೋತುಹೋಗಿದ್ದವು. ಯಾರ ನಾಯಿ ಇಡೀ ದಿನ ಬೊಗಳಿತು, ಯಾರದು ಬೇಲಿ ಹಾರಿತು, ಯಾರದು ಅಂಚೆಯವಳ ಕಾಲಿಗೆ ಬಾಯಿ ಹಾಕಿತು, ಎಲ್ಲವೂ ಅವಳ ಬೆರಳುಗಳನ್ನು ಹಾದೇ ಹೋಗಬೇಕಿತ್ತು. ಈಗ ಚಹಾದ ಲೋಟ ಎತ್ತುವುದಕ್ಕೂ ಎರಡು ಅಂಗೈ ಬೇಕು.

ಕಚೇರಿಯವರು ಅವಳ ತಲೆಗೊಂದು ಮೈಕು ಸಿಕ್ಕಿಸಿ, ಮಾತು ಕೇಳಿ ಬರೆಯುವ ಸಾಫ್ಟ್‌ವೇರ್ ಹಾಕಿಸಿಕೊಟ್ಟರು. ಪತ್ರ ಬರೆಯುವಾಗ ಅದು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಬರೆಯಿತು. ದೂರು ದಾಖಲಿಸುವ ಪ್ರೋಗ್ರಾಮಿಗೆ ಹೋದ ಕೂಡಲೇ ಮೊದಲ ಪದ ನುಂಗಿತು, ಎರಡನೆಯದನ್ನು ಎರಡು ಸಲ ಬರೆಯಿತು, ತಿದ್ದು ಎಂದರೆ ಇನ್ನೆಲ್ಲೋ ಅಳಿಸಿತು. ತಪ್ಪು ದೂರಿನ ಪ್ರೋಗ್ರಾಮಿನವರದು ಎಂದು ಮೈಕಿನ ಸಾಫ್ಟ್‌ವೇರಿನವರು, ಇವರದು ಎಂದು ಅವರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಆ ಕೂಸಿಗೆ ಇಲ್ಲಿ ಐವತ್ತಾರು ವಯಸ್ಸು.

ಕೊನೆಗೆ ದಾರಿ ಹುಡುಕಿದವನು ಕಚೇರಿಯ ಕಂಪ್ಯೂಟರ್ ರಿಪೇರಿಯ ಕ್ಲೈವ್. ನಿವೃತ್ತಿಗೆ ಎರಡು ವರ್ಷ ಇದ್ದವನು. ಖಾಲಿ ಹಾಳೆಯೊಂದರಲ್ಲಿ ಮೊದಲು ಮಾತು ಬರೆಸುವುದು, ಆಮೇಲೆ ಅದನ್ನು ದೂರಿನ ಖಾನೆಗೆ ಸಾಗಿಸುವುದು. ಆದರೆ ಆ ಖಾನೆಗಳಿಗೆ ಕರೆದರೆ ಓಗೊಡುವ ಹೆಸರೇ ಇರಲಿಲ್ಲ. ಪರದೆಯ ಮೇಲೆ ಇಂಥ ಜಾಗ ಎಂದು ಒಂದೊಂದನ್ನೂ ಗುರುತು ಮಾಡಿ ಕಲಿಸಬೇಕಾಯಿತು.

"ಏನಂತ ಕರೀತೀಯ ಹೇಳು. ನಿನಗೆ ಸುಸ್ತಾದಾಗ್ಲೂ ಮರೀಬಾರದು," ಎಂದ ಕ್ಲೈವ್.

"ನಾನು ಸುಸ್ತಾಗದೆ ಇರೋದು ಯಾವಾಗ ಮಾರಾಯ? ಕರಾವಳಿ ರಸ್ತೆಯ ಊರುಗಳನ್ನ ಇಟ್ಟುಬಿಡು. ನಿದ್ದೆಗಣ್ಣಲ್ಲೂ ಹೇಳ್ತೀನಿ."

ಹಾಗೆ ದೂರು ಕೊಟ್ಟವರ ಹೆಸರು ವಿನ್ಯಾರ್ಡ್ ಆಯಿತು, ಬೀದಿ ಬರ್ನಿ, ನಾಯಿಯ ವಿವರ ಪೆಂಗ್ವಿನ್, ದೂರು ಅಲ್ವರ್‌ಸ್ಟನ್, ಕೈಗೊಂಡ ಕ್ರಮ ಡೆವನ್‌ಪೋರ್ಟ್. ಇಷ್ಟಕ್ಕೆ ನಾಲ್ಕು ತಿಂಗಳು ಹಿಡಿಯಿತು. ದಿನವಿಡೀ ಊರುಗಳ ಹೆಸರು ಕೂಗಿ ಸಂಜೆ ಮನೆಗೆ ಹೋದರೆ ಅವಳಿಗೆ ಯಾರೊಡನೆಯೂ ಒಂದು ಮಾತೂ ಬೇಡವಾಗಿರುತ್ತಿತ್ತು.

ಶುಕ್ರವಾರ ಪರೀಕ್ಷೆ. ಒಂದು ದೂರನ್ನು ಬೇರೆಯವರ ನೆರವಿಲ್ಲದೆ ಹದಿನೈದು ನಿಮಿಷದಲ್ಲಿ ದಾಖಲಿಸಿ ತೋರಿಸಿದರೆ ಮೈಕೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ. ಆಗದಿದ್ದರೆ ಮನೆಗೆ. ಪರೀಕ್ಷಿಸಲು ಹೊರಗಿನಿಂದ ಬಂದವನು ಟ್ರಿಸ್ಟನ್ ಎಂಬ ಹಸನ್ಮುಖಿ. ಕೈಯಲ್ಲೊಂದು ಟ್ಯಾಬ್ಲೆಟ್ಟು.

"ಆರಾಮಾಗಿ ಮಾಡಿ ನೋರೀನ್, ನಾನಿಲ್ಲಿ ಇಲ್ಲವೇ ಇಲ್ಲ ಅಂದ್ಕೊಳ್ಳಿ," ಎಂದು ಅವಳ ಭುಜಕ್ಕೇ ಅಂಟಿಕೊಂಡು ಕೂತ.

ಅವಳು ಪ್ರೋಗ್ರಾಮು ತೆರೆದಳು. ವಿನ್ಯಾರ್ಡ್ ಎಂದಳು, ಹೆಸರು ಸರಿಯಾಗಿ ಹೋಯಿತು. ಬರ್ನಿ ಎಂದಳು. ಬೀದಿಯ ಹೆಸರು ಹೋಗಿ ಕೂತ ಜಾಗ ಕೆಂಪಗಾಯಿತು. ಅಲ್ಲಿ ಮೊಬೈಲ್ ನಂಬರಿನದೊಂದು ಹೊಸ ಖಾನೆ ಹುಟ್ಟಿಕೊಂಡಿತ್ತು. ಅವತ್ತು ಬೆಳಿಗ್ಗೆಯೇ ಯಾರೋ ಪ್ರೋಗ್ರಾಮನ್ನು ಹೊಸದು ಮಾಡಿದ್ದರು, ಒಂದು ಮಾತು ಹೇಳದೆ. ಕೆಳಗಿನ ಖಾನೆಗಳೆಲ್ಲ ಒಂದೊಂದು ಮೆಟ್ಟಿಲು ಇಳಿದಿದ್ದವು.

ಬಾಗಿಲ ಬಳಿ ನಿಂತಿದ್ದ ಕ್ಲೈವ್ ಮುಂದೆ ಬಂದ. "ಹತ್ತು ನಿಮಿಷ ಕೊಡಿ ಸಾರ್, ಸರಿ ಮಾಡ್ತೀನಿ."

"ನೆರವು ಕೊಡೋ ಹಾಗಿಲ್ಲವಲ್ಲ," ಎಂದ ಟ್ರಿಸ್ಟನ್, ಬಹಳ ಬೇಸರದವನಂತೆ.

ನೋರೀನ್‌ಗೆ ಅಳು ಬಂತು. ಆದರೆ ಅಳುತ್ತ ಮಾತಾಡಿದರೆ ಯಂತ್ರಕ್ಕೆ ತಿಳಿಯುವುದಿಲ್ಲ, ಆ ಭಾಗ್ಯವೂ ಇಲ್ಲ. ಉಸಿರೆಳೆದುಕೊಂಡು ಒಂದೊಂದು ಊರು ಮುಂದಕ್ಕೆ ಹೋದಳು. ಬರ್ನಿಗೆ ಮೊಬೈಲ್ ನಂಬರು, ಪೆಂಗ್ವಿನ್‌ಗೆ ಬೀದಿ, ಅಲ್ವರ್‌ಸ್ಟನ್‌ಗೆ ನಾಯಿ, ಡೆವನ್‌ಪೋರ್ಟ್‌ಗೆ ದೂರು. ಕ್ಲೈವ್ ಬಾಯ್ಬಿಟ್ಟು ನೋಡಿದ. ಉಳಿದದ್ದು ಆರನೆಯ ಖಾನೆ, ಕೈಗೊಂಡ ಕ್ರಮ. ಅದಕ್ಕೆ ಊರೇ ಇರಲಿಲ್ಲ. ಏನೆಂದು ಕರೆದರೂ ಅದು ಮಿಸುಕಲಿಲ್ಲ. ಎರಡು ನಿಮಿಷ ಬಾಕಿ ಇತ್ತು.

ಟೈಪಿಸ್ಟ್ ಆಗಿದ್ದವರು ಮಾತ್ರ ಮಾಡುವ ತಪ್ಪನ್ನು ಅವಳು ಆಗ ಮಾಡಿದಳು. ಕೈ ಚಾಚಿ, ಬಲಗೈಯ ಒಂದೇ ಬೆರಳಲ್ಲಿ ನಾಲ್ಕು ಪದ ಕುಟ್ಟಿದಳು: ಮಾಲೀಕರಿಗೆ ಎಚ್ಚರಿಕೆ ಪತ್ರ ಕಳಿಸಿದೆ. ನೋವು ಮೊಣಕೈ ದಾಟಿ ಭುಜಕ್ಕೇರಿತು. ದೂರು ದಾಖಲಾಯಿತು.

"ಭೇಷ್!" ಟ್ರಿಸ್ಟನ್ ಚಪ್ಪಾಳೆ ತಟ್ಟಿದ. "ನಿಮ್ಮ ಕೈ ಇಷ್ಟು ಸುಧಾರಿಸಿದೆ ಅಂತ ಯಾರೂ ಹೇಳಲೇ ಇಲ್ಲ! ಇಲ್ಲಿ ಕೇಳಿದಾರೆ ನೋಡಿ, 'ಕೈಯಲ್ಲಿ ಟೈಪ್ ಮಾಡಬಲ್ಲರೇ?' ಹೌದು ಅಂತ ಗುರುತು ಹಾಕ್ದೆ. ಇನ್ನು ಈ ಮೈಕಿನ ಗೋಳೇ ಬೇಡ ನಿಮಗೆ. ಸೋಮವಾರದಿಂದ ಮೊದಲಿನ ಹಾಗೇ ಕೆಲಸ."

"ನೋವಾಯ್ತು ಕಣಪ್ಪ. ಅದನ್ನೂ ಬರಕೋ."

ಅವನು ಪರದೆಯನ್ನು ಮೇಲೆ ಕೆಳಗೆ ಸರಿಸಿ ಹುಡುಕಿದ. "ಅದಕ್ಕೆ ಇದರಲ್ಲಿ ಜಾಗ ಇಲ್ಲ ನೋರೀನ್. ಹೌದು, ಇಲ್ಲ, ಎರಡೇ. ಇಲ್ಲೊಂದು ಸಹಿ ಹಾಕಿಬಿಡಿ."

"ಬಾಯಲ್ಲಿ ಹೇಳಿದ್ರೆ ಸಾಲದಾ?"

"ಸಹಿ ಅಂದ್ಮೇಲೆ ಕೈಯಲ್ಲೇ ಆಗ್ಬೇಕಲ್ಲ," ಎಂದು ನಕ್ಕು, ಟ್ಯಾಬ್ಲೆಟ್ಟನ್ನು ಅವಳ ಮುಂದಿಟ್ಟು ಪೆನ್ನು ಕೊಟ್ಟು ಚೀಲ ಕಟ್ಟತೊಡಗಿದ.

"ಚೀಲ ಆಮೇಲೆ ಕಟ್ಟು ತಮ್ಮಾ," ಎಂದಳು ನೋರೀನ್. "ಇಲ್ಲಿ ಕೂತು ನೋಡು."

ಅವನು ಕೂತ. ಪೆನ್ನು ಬೆರಳಲ್ಲಿ ನಿಲ್ಲಲಿಲ್ಲ, ಎರಡು ಸಲ ಬಿತ್ತು. ಮೂರನೆಯ ಸಲ ಅವಳು ಅದನ್ನು ಎರಡು ಅಂಗೈಗಳ ನಡುವೆ ಅದುಮಿ ಹಿಡಿದು, ಇಡೀ ಮೈ ಬಾಗಿಸಿ, ಭುಜದಿಂದ ತಳ್ಳಿ ಮೊದಲ ಅಕ್ಷರ ಎಳೆದಳು. ಹಣೆಯಲ್ಲಿ ಬೆವರೊಡೆಯಿತು. ಎರಡನೆಯ ಅಕ್ಷರ. ಮೂರನೆಯದು. ಟ್ರಿಸ್ಟನ್‌ನ ನಗು ಎಲ್ಲೋ ಹೋಗಿತ್ತು. ಕ್ಲೈವ್ ಗೋಡೆಯ ಕಡೆ ತಿರುಗಿ ನಿಂತ.

"ಸಾಕು ಬಿಡಿ," ಎಂದ ಟ್ರಿಸ್ಟನ್ ಮೆಲ್ಲಗೆ. "ಆ 'ಹೌದು' ಅಳಿಸಿಬಿಡ್ತೀನಿ."

ನೋರೀನ್ ತಲೆ ಎತ್ತಲಿಲ್ಲ. "ಸುಮ್ನೆ ಕೂತು ನೋಡು," ಎಂದಳು. "ಇನ್ನೂ ಅರ್ಧ ಹೆಸರಿದೆ."