ಮುಖ ತೋರಿಸಿದವರಿಗೆ ಹಿಟ್ಟು

ಹುಣಸೂರು ಸಂತೆಯಲ್ಲಿ ಒಂದು ಮೊಟ್ಟೆಗೆ ಏಳು ರೂಪಾಯಿ. ನಮ್ಮ ಅಂಗನವಾಡಿಯ ಒಂದು ಮಗುವಿನ ದಿನದ ಆಹಾರಕ್ಕೆ ಸರ್ಕಾರ ಇಟ್ಟಿರುವುದು ಎಂಟು ರೂಪಾಯಿ. ಅದರಲ್ಲಿ ಅರ್ಧ ದೆಹಲಿಯದು. ಆ ಎಂಟು ರೂಪಾಯಿ ಸರಿಯಾದವರಿಗೇ ಸೇರುತ್ತದೆಯೇ ಎಂದು ಕಾಯಲು ನನಗೆ ಕೊಟ್ಟ ಫೋನಿನ ಬೆಲೆ ಒಂಬತ್ತು ಸಾವಿರದ ಆರುನೂರು. ತಿಂಗಳಿಗೆ ಇಪ್ಪತ್ತೈದು ದಿನದಂತೆ, ಒಂದು ಮಗುವಿನ ನಾಲ್ಕು ವರ್ಷದ ಊಟ.

ತಾಯಿ ಫೋನಿನ ಮುಂದೆ ಕೂತು ಕಣ್ಣು ಮಿಟುಕಿಸಬೇಕು. ಮುಖ ಹೊಂದಿದರೆ ಮಗುವಿಗೆ ಪುಷ್ಟಿ ಹಿಟ್ಟು, ಹಾಲಿನ ಪುಡಿ. ಹೊಂದದಿದ್ದರೆ ಆ ತಿಂಗಳ ಪೊಟ್ಟಣ ಕೊಡುವಂತಿಲ್ಲ.

ಕಟ್ಟೆಮಳಲವಾಡಿಯ ಪ್ರಮೀಳಾ ಆಷಾಢದಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ಅವಳ ಮಗು ಶಶಿಗೆ ಆಗ ಐದು ತಿಂಗಳು. ಗಂಡ ಕೊಡಗಿನ ತೋಟಕ್ಕೆ ಹೋದವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ. ಮಗು ಅಜ್ಜಿಯ, ಅಂದರೆ ಪ್ರಮೀಳಾಳ ತಾಯಿ ಚಿಕ್ಕಬೀರಮ್ಮನ ಪಾಲಾಯಿತು. ಅಜ್ಜಿಯ ಹೆಸರು ಸೇರಿಸಿ ಎಂದು ನಾನು ಮೇಲಿನವರಿಗೆ ಎರಡು ಸಲ ಬರೆದೆ. ಉತ್ತರವಿಲ್ಲ. ಫೋನು ಪ್ರತಿ ಸಲವೂ ಪ್ರಮೀಳಾಳ ಮುಖವನ್ನೇ ಕೇಳುತ್ತಿತ್ತು. ಎಂಟು ತಿಂಗಳಾಗುವಾಗ ಶಶಿಯ ತೂಕ ಐದು ಕೆ.ಜಿ. ನಾನೂರು ಗ್ರಾಂ.

"ಕೂಸು ಇಲ್ಲೇ ಅದೆ, ಅದ್ರ ಒಟ್ಟೆ ಇಲ್ಲೇ ಅದೆ. ಸತ್ತೋದೋಳ ಮಕ ನಾನೆಲ್ಲಿಂದ ತರ್ಲಿ ಟೀಚರಮ್ಮ?" ಅಂದಳು ಮುದುಕಿ. "ನಾ ಸತ್ರೆ ಪಿಂಚಣಿ ನಿಲ್ಸಕ್ಕೆ ಮೂರು ದಿನ ಸಾಕು. ಅವ್ಳು ಸತ್ತವ್ಳೆ ಅಂತ ಬರ್ಕೊಳಕ್ಕೆ ಮೂರು ತಿಂಗ್ಳಾ?"

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರ ಹಬ್ಬದಲ್ಲಿ ಸತ್ತವರ ಹೆಸರಿನಲ್ಲಿ ಹೊಸ ಬಟ್ಟೆಯಿಟ್ಟು ಎಡೆ ಹಾಕಿ, ಮಾರನೆಯ ದಿನ ಮನೆಯವರು ಅದನ್ನು ಉಡುವುದು ನಮ್ಮ ಕಡೆಯ ಪದ್ಧತಿ. ಸತ್ತವರು ಉಟ್ಟು ಬಿಟ್ಟದ್ದನ್ನು ಮಾತ್ರ ಇಡಬಾರದು. ಹೊಸ ಸೀರೆಗೆ ಮುನ್ನೂರೈವತ್ತು ರೂಪಾಯಿ. ಚಿಕ್ಕಬೀರಮ್ಮನ ಹತ್ತಿರ ಇರಲಿಲ್ಲ. ಮಗಳ ಹಳೆಯ ಹಸಿರು ಸೀರೆಯನ್ನೇ ಒಗೆದು ಇಟ್ಟಳು.

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಅದನ್ನೇ ಉಟ್ಟುಕೊಂಡು ಬಂದಳು.

"ಇನ್ನೊಂದ್ ಕಿತ ನೋಡಿ ಟೀಚರಮ್ಮ. ನಮ್ ಕೂಸಿನ ಪುಣ್ಯ."

ಬೇಡವೆನ್ನಲು ಮನಸ್ಸಾಗದೆ ಫೋನು ಹಿಡಿದೆ. ಮುದುಕಿ ಕಣ್ಣು ಮಿಟುಕಿಸಿದಳು. ಪರದೆಯಲ್ಲಿ ಹಸಿರು ಸುತ್ತು ಮೂಡಿತು: ಪ್ರಮೀಳಾ, ಮುಖ ಹೊಂದಿದೆ. ಪರದೆಯಲ್ಲಿದ್ದದ್ದು ಹಲ್ಲುದುರಿದ ಅದೇ ಮುಖ. ಆದರೆ ತೊಡೆಯ ಮೇಲಿದ್ದ ಶಶಿ ಅಜ್ಜಿಯನ್ನು ಬಿಟ್ಟು ಫೋನಿನ ಕಡೆ ಎರಡೂ ಕೈ ಚಾಚಿ ಕೇಕೆ ಹಾಕಿತು. ತಾಯಿ ಹೋದ ಮೇಲೆ ಆ ಮಗು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಪೊಟ್ಟಣ ಕೊಟ್ಟೆ. ಅದು ತಪ್ಪೋ ಸರಿಯೋ, ಮಗುವಿಗೆ ಹಸಿವಿತ್ತು.

ಮುಂದಿನ ತಿಂಗಳು ನ್ಯಾಯಬೆಲೆ ಅಂಗಡಿಯಲ್ಲಿ ಚಿಕ್ಕಬೀರಮ್ಮನ ಹೆಬ್ಬೆಟ್ಟು ಹೊಂದಲಿಲ್ಲ. ಅಂಗಡಿಯ ಚಲುವರಾಜು ಬೆರಳಿಗೆ ಎಣ್ಣೆ ಸವರಿ, ಒರೆಸಿ, ಆರು ಸಲ ಒತ್ತಿಸಿದ.

"ಏನಜ್ಜಿ, ಬೆಳ್ಳು ಯಾರ್ಗಾರ ಸಾಲ ಕೊಟ್ಟಿದ್ದೀಯಾ?" ಅಂತ ತಮಾಷೆ ಮಾಡಿದವನು, ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಐವತ್ತು ವರ್ಷ ಕಳೆ ಕಿತ್ತ ಬೆರಳು, ಗೆರೆ ಸವೆದಿರಬೇಕಿತ್ತು. ಗೆರೆಗಳೆಲ್ಲ ಹೊಸದಾಗಿದ್ದವು. ಪಡಿಯಕ್ಕಿ ಸಿಗಲಿಲ್ಲ; ಅದೇ ಹೆಬ್ಬೆಟ್ಟು ಕೇಳುವ ಪಿಂಚಣಿಯೂ ನಿಂತಿತು.

ಕಾರ್ತಿಕದಲ್ಲಿ ಅವಳು ಮಗುವಿನ ಜೊತೆ ಬಂದು ಬಾಗಿಲಲ್ಲಿ ನಿಂತಳು. "ಚಿಕ್ಕಬೀರಮ್ಮ, ಒಳಗೆ ಬಾ" ಅಂದೆ. ತಿರುಗಲಿಲ್ಲ. ಮತ್ತೆ ಕರೆದೆ. ಕೇಳಿಸದವಳಂತೆ ಬೀದಿ ನೋಡುತ್ತಿದ್ದಳು. ಯಾಕೆ ಅಂದೆನೋ ತಿಳಿಯದು, ಮೆಲ್ಲಗೆ "ಪ್ರಮೀಳಾ" ಅಂದೆ.

"ಏನ್ ಮಿಸ್?"

ಮುದುಕಿ ನನ್ನನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದಳು. ಮಿಸ್ ಅನ್ನುತ್ತಿದ್ದವಳು, ಚಿಕ್ಕಂದಿನಲ್ಲಿ ಇದೇ ಚಾಪೆಯ ಮೇಲೆ ಕೂತು ಹಾಡು ಕಲಿತ ಪ್ರಮೀಳಾ ಒಬ್ಬಳೇ.

ಮಗುವನ್ನು ತಕ್ಕಡಿಯಲ್ಲಿ ಕೂರಿಸಿದೆ. ಆರು ಕೆ.ಜಿ. ಎಂಟುನೂರು ಗ್ರಾಂ.

ಶಶಿಗೆ ಸಿಕ್ಕಿದ್ದು ಒಂದು ಕೆ.ಜಿ. ನಾನೂರು ಗ್ರಾಂ. ಹೋದದ್ದು ತಿಂಗಳ ಪಡಿಯಕ್ಕಿ, ಸಾವಿರದ ಇನ್ನೂರು ರೂಪಾಯಿ ಪಿಂಚಣಿ, ಮತ್ತು ಚಿಕ್ಕಬೀರಮ್ಮ.