ಎಷ್ಟು ತಲೆಗೆ ಬುತ್ತಿ

ನಿಡೋಣಿಯ ಬೋರವ್ವನಿಗೆ ಮೂರು ತಿಂಗಳಿನಿಂದ ಹೊಟ್ಟೆಯುಬ್ಬರ. ಉಂಡದ್ದರಿಂದಲ್ಲ, ಕೇಳದೆ ಉಳಿಸಿಕೊಂಡ ಪ್ರಶ್ನೆಗಳಿಂದ.

ಫಿನ್ಲೆಂಡಿನ ಕಿರ್ಸಿ ಎಂಬ ಹೆಂಗಸು ಊರ ಶಾಲೆಯ ಮಕ್ಕಳಿಗೆ ಚಿತ್ರ, ಇಂಗ್ಲಿಷು ಕಲಿಸಲು ಪುಕ್ಕಟೆ ಸೇವೆಗೆಂದು ಬಂದು ಬೋರವ್ವನ ಮನೆಯಲ್ಲೇ ಇಳಿದುಕೊಂಡಿದ್ದಳು. ಎರಡೇ ದಿನಕ್ಕೆ ಊರ ಬಾಯಲ್ಲಿ ಅವಳು ಕಿರ್ಸವ್ವ ಆದಳು. ಆದರೆ ಅವಳನ್ನು ಕರೆತಂದ ಸಂಸ್ಥೆಯ ಸುಮಂಗಲಾ, ತಿಕೋಟಾದವಳು, ಮೊದಲ ದಿನವೇ ಅಡುಗೆಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಓದಿ ಹೇಳಿದ್ದಳು. "ಪರದೇಶದ ಮಂದೀನ ಐದು ಕೇಳಬಾರ್ದರಿ. ವಯಸ್ಸು, ಮದುವಿ, ಮಕ್ಕಳು, ಪಗಾರ, ದೇವರು. ಅವ್ರಿಗೆ ಬ್ಯಾಸರ ಆಕ್ಕೈತಿ."

ಈ ಐದನ್ನು ಬಿಟ್ಟರೆ ನಿಡೋಣಿಯಲ್ಲಿ ಮಾತಾಡಲು ಉಳಿಯುವುದು ಬಿಸಿಲೊಂದೇ. ಬೋರವ್ವ ಮೂರು ತಿಂಗಳು ಬಿಸಿಲಿನ ಬಗ್ಗೆಯೇ ಮಾತಾಡಿದಳು. ಓದು ಬಾರದಿದ್ದರೂ ಆ ಹಾಳೆ ಕಂಡಾಗಲೆಲ್ಲ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಈಗ ಕಿರ್ಸವ್ವ ಹೊರಡಲು ಎರಡು ದಿನ ಉಳಿದಿತ್ತು. ಬುತ್ತಿ ಕಟ್ಟಬೇಕಿತ್ತು. ಈ ಮನೆಯಿಂದ ಹೊರಟವರ ಬುತ್ತಿ ಅವರೊಬ್ಬರದಲ್ಲ. ಅವರು ಮುಟ್ಟುವ ಮನೆಯಲ್ಲಿ ಎಷ್ಟು ಮಂದಿಯೋ ಅಷ್ಟೂ ಮಂದಿಗೆ, ತಲೆಗೆ ಐದರಂತೆ ಒಣಗಿಸಿದ ಗರಿಗರಿ ಕಟಕ ರೊಟ್ಟಿ. "ಇದ್ದ ತಲಿ ಬಿಡಬಾರ್ದು, ಇಲ್ಲದ ತಲಿಗೆ ಕಟ್ಟಬಾರ್ದು" ಎಂದು ಅವಳ ಅತ್ತೆ ಸಾಯುವ ತನಕ ಹೇಳಿದ್ದಳು. ಬಿಟ್ಟರೆ ಅವಮಾನ, ಇಲ್ಲದವರಿಗೆ ಕಟ್ಟಿದರೆ ಅಪಶಕುನ. ಹಾಗಾದರೆ ಕಿರ್ಸವ್ವನ ಮನೆಯಲ್ಲಿ ತಲೆಗಳೆಷ್ಟು?

ಫೋನಿನಲ್ಲಿ ಅವಳು ಯಾರೊಡನೆಯೂ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ಪ್ರತಿ ಐತವಾರ ತಪ್ಪದೆ ಒಂದು ಕಾರ್ಡು ಬರೆಯುತ್ತಿದ್ದಳು. ಬಬಲೇಶ್ವರದ ಡೈರಿಗೆ ಹಾಲು ಹಾಕಲು ಹೋಗುವ ಬೋರವ್ವನ ಮಗ ಮಾಳು ಅದನ್ನು ಅಂಚೆಗೆ ಹಾಕಿ ಬರುತ್ತಿದ್ದ. ಬರೆಯುತ್ತಾಳೆಂದರೆ ಓದುವವರು ಇದ್ದಾರೆ. ಗಂಡನೇ ಇರಬೇಕು ಎಂದು ಸೊಸೆ ಲಕ್ಷ್ಮಿ. ಅಲ್ಲ, ಮಗಳು ಎಂದು ಬೋರವ್ವ. ವಾರಕ್ಕೊಂದು ಕಾರ್ಡು ಬರೆಸಿಕೊಳ್ಳುವಂಥ ಗಂಡ ಯಾವ ದೇಶದಲ್ಲೂ ಇರಲಿಕ್ಕಿಲ್ಲ ಎಂದು ಅವಳ ವಾದ.

ಕೊನೆಯ ಕಾರ್ಡು ಹಿಡಿದು ಹೊರಟ ಮಾಳುವನ್ನು ಅವಳು ಕೊಟ್ಟಿಗೆಯ ಮೂಲೆಯಲ್ಲಿ ತಡೆದಳು. "ಬರದದ್ದು ಓದಬ್ಯಾಡ, ಪಾಪ ಹತ್ತತೈತಿ. ಯಾರಿಗಂತ ಅಷ್ಟ ನೋಡಿ ಹೇಳು."

ಮಾಳು ನೋಡಿದ. ಮತ್ತೊಮ್ಮೆ ನೋಡಿದ. "ಅಕೀದ ಹೆಸರ ಐತಿ ಬೇ."

"ಬರದಾಕೀದಲ್ಲೋ, ಮುಟ್ಟೋರ ಹೆಸರು."

"ಮುಟ್ಟೂದೂ ಅಕೀಗೇನ. ತನ್ನ ಮನಿಗೆ ತಾನ ಬರಕೊಂಡಾಳ."

ಬೋರವ್ವನಿಗೆ ಮೊದಲು ನಗು ಬಂತು. ಅಂಗಳದ ಕಟ್ಟೆಗೆ ಬಂದು ಕುಳಿತ ಮೇಲೆ ಆ ನಗು ಅಲ್ಲೇ ಇಂಗಿತು. ತನ್ನೂರಿನ ಮನೆಯ ಬೀಗ ತೆಗೆದು ಒಳಗೆ ಕಾಲಿಟ್ಟಾಗ ಬಾಗಿಲ ಹಿಂದೆ ಏನಾದರೂ ಕಾದಿರಲಿ ಎಂದಲ್ಲವೇ ಇವಳು ಇಷ್ಟು ವಾರ ಬರೆದದ್ದು? ಒಂದೇ ತಲೆ, ಐದು ರೊಟ್ಟಿ. ಐದು ರೊಟ್ಟಿಯ ಗಂಟನ್ನು ಆ ಕೈಗೆ ಕೊಡುವುದಾದರೂ ಹೇಗೆ?

ಮರುದಿನ ಲಕ್ಷ್ಮಿ ಜೋಳದ ಹಿಟ್ಟು ಮುಂದಿಟ್ಟುಕೊಂಡು ಕೇಳಿದಳು, "ಎಷ್ಟು ಬಡೀಲಿ ಅತ್ತಿ?"

"ಮೂವತ್ತೈದು," ಎಂದಳು ಬೋರವ್ವ.

ವಿಜಯಪುರದ ಸ್ಟೇಷನ್ನಿಗೆ ಮನೆಮಂದಿಯೆಲ್ಲ ಬಂದಿದ್ದರು, ಸುಮಂಗಲಾಳೂ ಬಂದಿದ್ದಳು. ಬೋರವ್ವನ ಗಂಡ ಬೀರಣ್ಣ ಕೂಡ ಕುರಿಗಳನ್ನು ಅಣ್ಣನಿಗೆ ಒಪ್ಪಿಸಿ ಬಂದಿದ್ದ. ಕಿರ್ಸವ್ವ ಗಂಟನ್ನು ಎತ್ತಿ ನೋಡಿದಳು. "ಬೋರಕ್ಕ, ಭಾಳ ಭಾರ. ಎಷ್ಟು?"

"ಮೂವತ್ತೈದು."

ಕಿರ್ಸವ್ವನ ಮುಖ ಸಣ್ಣದಾಯಿತು. "ನಾ ಒಬ್ಬಾಕಿ. ಮನ್ಯಾಗ ಯಾರೂ ಇಲ್ಲ."

ಮೂರು ತಿಂಗಳು ಕೇಳದ ಪ್ರಶ್ನೆಗೆ ಉತ್ತರ ತಾನಾಗಿಯೇ ಬಂದಿತ್ತು. "ಗೊತ್ತೈತಿ. ಕಾರ್ಡಿನ ಮ್ಯಾಲಿನ ಹೆಸರು ಓದಿಸೇನಿ, ಬೈದರ ಬೈಯವ್ವಾ. ಐದು ನಿನ್ನವು. ಉಳದಾವು ನಮ್ಮವು. ನಾನು, ನಮ್ಮ ಮನಿಯವ್ರು, ಮಾಳು, ಲಕ್ಷ್ಮಿ, ಎರಡು ಮೊಮ್ಮಕ್ಕಳು. ಕಟಕ ರೊಟ್ಟಿ ಲಗೂನ ಕೆಡೂದಿಲ್ಲ, ಡಬ್ಬ್ಯಾಗ ಇಟ್ಟಿರು. ಬಾಗಿಲಾ ತಗದರ ಮನ್ಯಾಗ ಮಂದಿ ಇದ್ದಂಗ ಇರತೈತಿ."

ಕಿರ್ಸವ್ವ ಬೈಯಲಿಲ್ಲ. ಗಂಟನ್ನು ಎದೆಗೊತ್ತಿಕೊಂಡಳು. ಕಣ್ಣು ಒರೆಸಿಕೊಂಡು ಗಾಡಿ ಹತ್ತಿದವಳು ಕಿಟಕಿಯಿಂದ ಇಣುಕಿ, "ಬೋರಕ್ಕ, ನಿನ್ನ ವಯಸ್ಸು ಎಷ್ಟು?" ಎಂದಳು. ಊರವರನ್ನು ಏನೇನು ಕೇಳಬಾರದೆಂದು ಸಂಸ್ಥೆಯವರು ಅವಳಿಗೂ ಇಂಥದೇ ಒಂದು ಹಾಳೆ ಕೊಟ್ಟಿದ್ದರಂತೆ.

"ಯಾರು ಬರದಿಟ್ಟಾರ? ಅರವತ್ತರ ಆಜೂಬಾಜೂ. ನಿಂದೆಷ್ಟು?" ಎಂದದ್ದೇ ತಡ, ಉಳಿದ ನಾಲ್ಕೂ ಪ್ರಶ್ನೆಗಳು ಕೊಟ್ಟಿಗೆಯ ಬಾಗಿಲು ತೆರೆದಾಗ ಹೊರಬೀಳುವ ಕುರಿಗಳಂತೆ ಒಂದರ ಮೇಲೊಂದು ಬಿದ್ದವು. ಸುಮಂಗಲಾ ಹಣೆ ಹಿಡಿದುಕೊಂಡಳು. ಗಾಡಿ ಹೊರಟುಬಿಟ್ಟಿತು. ಕಿರ್ಸವ್ವ ಏನೋ ಹೇಳಿದಳು, ಕೇಳಿಸಲಿಲ್ಲ.

ಒಂದೂವರೆ ತಿಂಗಳಿಗೆ ನಿಡೋಣಿಗೆ ಒಂದು ಕಾರ್ಡು ಬಂತು. ಒಂದನೇ ಇಯತ್ತೆಯ ಮಕ್ಕಳ ಜೊತೆ ಕೂತು ಕಲಿತ ದಪ್ಪ ದಪ್ಪ ಕನ್ನಡ ಅಕ್ಷರ. ಮಾಳು ಓದಿದ.

"ವಯಸ್ಸು ಅರವತ್ತೊಂದು. ಮದುವೆ ಆಗಿತ್ತು, ಅವರು ತೀರಿಕೊಂಡರು. ಮಕ್ಕಳಿಲ್ಲ. ಪಗಾರ ಇಲ್ಲ, ಪಿಂಚಣಿ ಇದೆ. ದೇವರು ಗೊತ್ತಿಲ್ಲ. ನನ್ನ ಐದು ರೊಟ್ಟಿ ತಿಂದೆ. ಮನೆಯಲ್ಲಿ ಮಂದಿ ಏಳು."

ಬೋರವ್ವ ಇನ್ನೊಮ್ಮೆ ಓದಿಸಿ, ಬೆರಳು ಮಡಚಿ ಎಣಿಸಿದಳು. "ಬರೋಬ್ಬರಿ ಐತಿ," ಎಂದು ಎದ್ದು ಹೋಗಿ ಅಡುಗೆಮನೆಯ ಬಾಗಿಲಿನ ಹಾಳೆಯನ್ನು ಕಿತ್ತಳು. ಆ ಜಾಗಕ್ಕೆ ಕಾರ್ಡನ್ನು ಅಂಟಿಸಲು ಲಕ್ಷ್ಮಿಗೆ ಹೇಳಿದಳು.