ಮೂರು ಮೂಲೆಯ ಕೀಲಿ

ನನ್ನ ತಮ್ಮ ಲಿಫ್ಟ್ ಮೆಕ್ಯಾನಿಕ್. ಕುಡಿದು ಕೆಲಸಕ್ಕೆ ಹೋಗಿ ಸಿಕ್ಕಿಬಿದ್ದ. ಕಂಪನಿಯವರು ಟೂಲ್ ಬ್ಯಾಗು, ಐಡಿ ಕಾರ್ಡು ಎಲ್ಲ ಕಿತ್ತುಕೊಂಡು, "ಕುಡಿತ ಬಿಡೋರ ಮೀಟಿಂಗಿಗೆ ಸೇರು. ಬಿಟ್ಟಮೇಲೆ ಬಾ, ಇಲ್ಲಾಂದ್ರೆ ಬರಲೇಬೇಡ" ಎಂದು ಮನೆಗೆ ಅಟ್ಟಿದರು. ಮನೆ ಅಂದರೆ ನನ್ನ ಮನೆ. ಇಡೀ ದಿನ ಲಾಂಡ್ರಿಯಲ್ಲಿ ನಿಂತು ಊರವರ ಅಂಗಿಗೆ ಇಸ್ತ್ರಿ ಹಾಕಿ ಬಂದರೆ, ಇವನು ಸೋಫಾದ ಮೇಲೆ ಮುದುಡಿ ಬಿದ್ದಿರುತ್ತಿದ್ದ.

"ನಾನೇನು ಕುಡುಕನಾ? ಸುಸ್ತಾದಾಗ ಒಂಚೂರು ತಗೋತೀನಿ."

"ಹೌದಪ್ಪಾ, ಬೆಳಿಗ್ಗೆ ಹಲ್ಲುಜ್ಜೋ ಮುಂಚೇನೇ ಸುಸ್ತು ನಿಂಗೆ."

ಕಂಪನಿಯವರು ಒಂದನ್ನು ಮಾತ್ರ ಮರೆತಿದ್ದರು: ಮೂರು ಮೂಲೆಯ ಸಣ್ಣ ಕೀಲಿ. ಯಾವ ಮಹಡಿಯಲ್ಲೇ ಆಗಲಿ, ಲಿಫ್ಟಿನ ಬಾಗಿಲನ್ನು ಹೊರಗಿನಿಂದ ತೆರೆಯುವುದು ಅದರಿಂದಲೇ. ಅದನ್ನು ಅಂಗಿ ಜೇಬಿನಲ್ಲಿಟ್ಟುಕೊಂಡೇ ಮಲಗುತ್ತಿದ್ದ. "ಇದು ಇರೋ ತನಕ ನಾನು ಮೆಕ್ಯಾನಿಕ್ಕೇ" ಎನ್ನುತ್ತಿದ್ದ. ಊಟಕ್ಕೆ ಕೂತರೂ ಅದೇ ಪುರಾಣ. "ಕರೆಂಟಿನ ಮೇನ್ ಸ್ವಿಚ್ ಆಫ್ ಮಾಡದೆ ಲಿಫ್ಟಿಗೆ ಕೈ ಹಾಕೋನು ಮೆಕ್ಯಾನಿಕ್ ಅಲ್ಲಕ್ಕಾ, ಕೊಲೆಗಾರ." ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಮೀಟಿಂಗಿನ ನಂಬರು ಹುಡುಕಿ ಫೋನ್ ಮಾಡಿದವಳೂ ನಾನೇ. ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಕಟ್ಟಡ, ಮೂರನೇ ಮಹಡಿ, ಬೋರ್ಡು ಇರುವುದಿಲ್ಲ ಎಂದರು. ಮೊದಲ ಭಾನುವಾರ ಇವನೊಬ್ಬನನ್ನೇ ಕಳಿಸಿದೆ. ಪಕ್ಕದ ಕಟ್ಟಡಕ್ಕೆ ನುಗ್ಗಿ, ಸಕ್ಕರೆ ಕಾಯಿಲೆಯ ಭಾಷಣಕ್ಕೆ ಕೂತು, ಸಪ್ಪೆ ಬಿಸ್ಕತ್ತು ತಿಂದು ಬಂದ. "ಹೋಗಿದ್ದೆ ಕಣಕ್ಕಾ. ನಂಗೆ ಸಕ್ಕರೆ ಇಲ್ವಂತೆ" ಎಂದು ಹಲ್ಲುಕಿರಿದ. ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಮುಂದಿನ ಭಾನುವಾರ ಕೈ ಹಿಡಿದು ನಾನೇ ಎಳೆದುಕೊಂಡು ಹೋದೆ.

ಬಾಗಿಲಲ್ಲಿ ವಾಚ್‌ಮನ್‌ನನ್ನು ಮೆಲ್ಲಗೆ ಕೇಳಿದರೆ, ಆ ಪುಣ್ಯಾತ್ಮ ಬೀದಿಗೆಲ್ಲ ಕೇಳುವಂತೆ, "ಕುಡಿಯೋದು ಬಿಡೋರಾ? ಮೇಲೆ! ಮೆಟ್ಲು ಹತ್ತಿ, ಲಿಫ್ಟ್ ಕೆಟ್ಟಿದೆ!" ಎಂದ. ತಮ್ಮ ಗಕ್ಕನೆ ಹಿಂದಕ್ಕೆ ತಿರುಗಿದ. ಕಾಲರ್ ಹಿಡಿದು ಹತ್ತಿಸಿದೆ.

ಮೂರನೇ ಮಹಡಿಯಲ್ಲಿ ಕೋಣೆಗೆ ಬೀಗ. ಮೀಟಿಂಗಿಗೆ ಬಂದಿದ್ದ ಒಬ್ಬ ನರ್ಸಮ್ಮ, ಒಬ್ಬ ಟ್ಯಾಕ್ಸಿ ಡ್ರೈವರು, ಇನ್ನಿಬ್ಬರು ಲಿಫ್ಟಿನ ಮುಂದೆ ನಿಂತಿದ್ದರು. ಬೀಗದ ಕೈ ಇದ್ದದ್ದು ಮೀಟಿಂಗ್ ನಡೆಸುವ ನಿವೃತ್ತ ಕಂಡಕ್ಟರರ ಬಳಿ. ಮಂಡಿ ನೋವೆಂದು ಲಿಫ್ಟು ಹತ್ತಿದ್ದ ಅವರು ಮಹಡಿ ಮುಟ್ಟುವ ಮೊದಲೇ ಒಳಗೆ ಸಿಕ್ಕಿಕೊಂಡಿದ್ದರು.

ತಮ್ಮನ ಮುಖ ಅರಳಿತು. ಕುರುಡನಿಗೆ ಕಣ್ಣು ಬಂದಂತೆ! ಬಾಗಿಲಿಗೆ ಕಿವಿಯಿಟ್ಟು ಆಲಿಸಿದ. "ಬಾಗಿಲಿನ ಲಾಕ್ ಸರಿಯಾಗಿ ಕೂತಿಲ್ಲ, ಅಷ್ಟೇ. ಎರಡು ನಿಮಿಷ. ಎಲ್ಲಾ ಪಕ್ಕಕ್ಕೆ ಸರೀರಿ."

ಕೀಲಿ ತೆಗೆದ. ಬೆಳಿಗ್ಗೆಯಿಂದ ನಾನು ಅವನನ್ನು ಹೊರಗೆ ಬಿಟ್ಟಿರಲಿಲ್ಲ, ಹೊಟ್ಟೆಗೆ ಒಂದು ಹನಿ ಹೆಂಡವೂ ಬಿದ್ದಿರಲಿಲ್ಲ. ಕೀಲಿಯ ತುದಿ ತೂತಿನ ಸುತ್ತ ಟಕಟಕ ಬಡಿಯಿತು. ಎಡಗೈಯಿಂದ ಬಲಗೈ ಹಿಡಿದುಕೊಂಡ. ಆಗ ಎರಡೂ ನಡುಗಿದವು. ಡ್ರೈವರು ನೋಡಿಯೂ ನೋಡದವನಂತೆ ಗೋಡೆ ಕಡೆ ತಿರುಗಿದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಹೇಗೋ ಕೀಲಿ ಕೂತಿತು. ಬಾಗಿಲು ಗೇಣಗಲ ಸರಿಯಿತು. ಮೊಣಕೈವರೆಗೆ ತೋಳು ಒಳಗೆ ತೂರಿಸಿದವನು ಹಾಗೆಯೇ ನಿಂತುಬಿಟ್ಟ.

"ಅಕ್ಕಾ... ಮೇನ್ ಆಫ್ ಮಾಡಿದ್ನಾ?"

"ನೀನೆಲ್ಲಿ ಮಾಡ್ದೆ? ಬಂದೋನೇ ಬಾಗಿಲಿಗೆ ಕೈ ಹಾಕ್ದೆ."

ಮೆಲ್ಲಗೆ ತೋಳು ಹೊರಗೆಳೆದುಕೊಂಡ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಮೆಟ್ಟಿಲ ಮೇಲೆ ಕುಸಿದು ಕೂತ.

"ಏನಾಯ್ತಪ್ಪಾ?" ಒಳಗಿನಿಂದ ಕಂಡಕ್ಟರರು ಕೇಳಿದರು.

"ಆಗಲ್ಲ ಸಾರ್. ಈಗ ಲಿಫ್ಟ್ ಅಲ್ಲಾಡಿದ್ರೆ ನನ್ನ ಕೈ ಹೋಗ್ತಿತ್ತು. ನೀವು ಹೊರಗೆ ಬರ್ತಾ ಇದ್ದಿದ್ರೆ ನೀವೇ ಹೋಗ್ತಿದ್ರಿ. ಮೇನ್ ಆಫ್ ಮಾಡೋದೇ ಮರೆತೆ." ಅಂಗೈ ಚಾಚಿ ನೋಡಿಕೊಂಡ. "ಕೈ ನಡುಗುತ್ತೆ ಸಾರ್. ನಾನು ಕುಡೀತೀನಿ. ದಿನಾ ಕುಡೀತೀನಿ."

"ನಾನೂ ಕುಡೀತಿದ್ದೆ" ಎಂದರು ಕಂಡಕ್ಟರರು. "ಟಿಕೆಟ್ ಹರಿಯೋಕೂ ಆಗ್ತಿರ್ಲಿಲ್ಲ ಈ ಕೈಲಿ. ಲಿಫ್ಟ್ ಕಂಪನಿಗೆ ಫೋನ್ ಮಾಡಿದೀನಿ, ಅವರು ಬಂದಾಗ ಬರ್ಲಿ. ನಂಗೆ ಗಾಳಿ ಇದೆ, ಬೆಳಕಿದೆ, ಕೂರೋಕೆ ನೆಲ ಇದೆ. ಎಲ್ಲಾ ಅಲ್ಲೇ ಕೂತ್ಕೊಳ್ಳಿ, ಶುರು ಮಾಡೋಣ. ಜೋರಾಗಿ ಮಾತಾಡಿ, ನಂಗೆ ಕೇಳ್ಬೇಕು."

ಎಲ್ಲರೂ ಮೆಟ್ಟಿಲ ಮೇಲೆ ಕೂತರು. ನರ್ಸಮ್ಮ ನನ್ನ ಭುಜ ಮುಟ್ಟಿ, "ಮನೆಯೋರು ಕೆಳಗೆ ಕಾಯ್ಬೇಕಮ್ಮಾ, ಬೇಜಾರ್ ಮಾಡ್ಕೋಬೇಡಿ" ಎಂದಳು. ನಾನು ಇಳಿಯತೊಡಗಿದೆ.

"ಅಕ್ಕಾ."

ಬಂತು ನೆಪ ಅಂದುಕೊಂಡೆ. ತಲೆನೋವೋ, ಹೊಟ್ಟೆನೋವೋ. ಬೈಗುಳವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡೇ ತಿರುಗಿದೆ. ಅವನು ಎದ್ದು ಬಂದು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಚಿದ. ಬೆವರಿಗೆ ಒದ್ದೆಯಾಗಿತ್ತು.

"ಇಟ್ಕೋ. ನಾನು ಕೇಳಿದ್ರೂ ಕೊಡ್ಬೇಡ. ಕೈ ನಡುಕ ನಿಂತಮೇಲೆ ಕೊಡು."

ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಎರಡು ಮಹಡಿ ಇಳಿಯುವಷ್ಟರಲ್ಲಿ ಕಣ್ಣು ತುಂಬಿ ಮೆಟ್ಟಿಲೇ ಕಾಣದೆ ಗೋಡೆ ಹಿಡಿದುಕೊಂಡೆ. ಮೇಲಿನಿಂದ ಅವನ ದನಿ ಕೇಳುತ್ತಿತ್ತು. ಲಿಫ್ಟಿನೊಳಗಿದ್ದವರಿಗೆ ಕೇಳಲೆಂದು ಗಟ್ಟಿಯಾಗಿಯೇ ಹೇಳುತ್ತಿದ್ದ.

ಕೆಳಗೆ ವಾಚ್‌ಮನ್ ಸ್ಟೂಲು ಒರೆಸಿ ನನ್ನ ಮುಂದಿಟ್ಟ. "ಮೀಟಿಂಗ್ ಸಿಕ್ತಾಮ್ಮಾ?"

"ಸಿಕ್ತು" ಎಂದೆ.